ಘಾಟಿ ಜಾತ್ರೆಯ ಜೋಡಿ ಹೋರಿಗಳು

ನಮ್ಮ ಇತಿಹಾಸದ ಪಾಠಗಳಲ್ಲಿ ಎತ್ತುಗಳು ಬರುವುದು ಫಿರಂಗಿ ಎಳೆಯುವುದಕ್ಕೆ ಮಾತ್ರ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳು ಮುಂದೆ ಹೈದರಲಿಯ ದಂಡಿಗೆ ಒದಗಿದವು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಹಿಂಡುಗಳು ಇಂಗ್ಲಿಷರ ಸೈನ್ಯಕ್ಕೂ ಬೇಕಾದವು. ಅದೇ ಬಳಗದ ಹಳ್ಳಿಕಾರ್ ಹೋರಿಯನ್ನು ಗೊಂತಿನಲ್ಲಿ ಕಟ್ಟಿ ಮೇಯಿಸಿದ ಸಣ್ಣ ರೈತನ ಹೆಸರನ್ನು ಮಾತ್ರ ನಾವು ಯಾವ ಪಾಠದಲ್ಲೂ ಓದಿದವರಲ್ಲ.

ಅವನನ್ನು ಕಾಣಬೇಕಾದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಬೇಕು. ರಾಗಿ ಕೊಯ್ಲು ಮುಗಿದ ಚಳಿಗಾಲದಲ್ಲಿ ಅದು ಸೇರುತ್ತದೆ. ಒಂದೆರಡು ಎಕರೆ ಖುಷ್ಕಿ ಇರುವವನು ಹಾಲುಹಲ್ಲಿನ ಎರಡು ಗಂಡುಕರು ಕೊಳ್ಳುತ್ತಾನೆ. ಬಣ್ಣ, ಕೊಂಬು, ಎತ್ತರ ಹೊಂದಿದರೆ ಅರ್ಧ ಲಾಭ ಅಲ್ಲೇ ಬಂತು. ರಾಗಿ ಹುಲ್ಲು ಮನೆಯದು. ಹಿಂಡಿ, ಬೂಸಾ, ಹುರುಳಿ ಸಾಲದ್ದು. ಸಗಣಿ ಬಾಚಿ, ಮೈ ತೊಳೆದು, ನೀರು ತೋರಿಸುವ ಹೆಂಗಸರ ದುಡಿಮೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನೊಗಕ್ಕೆ ಪಳಗಿ, ಎರಡು ಹಲ್ಲು ಬಂದ ಮೇಲೆ ಜೋಡಿ ಜಾತ್ರೆಗೆ ಬರುತ್ತದೆ. ಉತ್ತರ ಕರ್ನಾಟಕದ, ಆಂಧ್ರದ ರೈತರು ಹಲ್ಲು ನೋಡುತ್ತಾರೆ. ದಳ್ಳಾಳಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ಅಲ್ಲಿ ಬೆರಳಿನ ಜಾತಿ ಕೇಳುವವರಿಲ್ಲ!

ದುಡಿದು ಮುದಿಯಾದ ಎತ್ತನ್ನು ಮಾರಿದ ಹಣ ಮುಂದಿನ ಕರುವಿಗೆ ಬಂಡವಾಳವಾಗುತ್ತಿತ್ತು. ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತಿಗೆ ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡಲು 1964ರ ಕಾಯ್ದೆಯಲ್ಲಿ ಅವಕಾಶವಿತ್ತು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆ ಹದಿಮೂರು ದಾಟಿದ ಎಮ್ಮೆ ಕೋಣಗಳಿಗಷ್ಟೇ ಆ ದಾರಿ ಉಳಿಸಿತು. ಮೂರರಿಂದ ಏಳು ವರ್ಷ ಸೆರೆಯೆಂದರೆ ಕೊಳ್ಳುವವನು ಹತ್ತಿರ ಬರುತ್ತಾನೆಯೇ? ಪೆಟ್ಟು ಕಟುಕನಿಗೆ ಎಂದು ಹೇಳಿದರು. ಅದು ಗೊಂತಿನವರೆಗೂ ತಲುಪಿತು.

ಟ್ರಾಕ್ಟರು ಮೊದಲೇ ಬಂದಿತ್ತು. ಸೀಮೆಹಸು ಹಾಕಿದ ಗಂಡುಕರುವನ್ನು ನೊಗಕ್ಕೂ ಕೇಳುವವರಿಲ್ಲ. ಒಳ್ಳೆಯ ಹಳ್ಳಿಕಾರ್ ಜೋಡಿಗೆ ಇಂದಿಗೂ ಲಕ್ಷಗಳ ಬೆಲೆಯಿದೆ, ಆದರೆ ಅಂಥ ಜೋಡಿ ಕಟ್ಟುವುದು ಕೈಯಲ್ಲಿ ಕಾಸಿದ್ದವರಿಂದ ಆಗುವ ಮಾತು. ಕಾಸಿಲ್ಲದವರಲ್ಲಿ ಹಲವರು ಈಗ ಟಗರು ಕಟ್ಟಿದ್ದಾರೆ. ಅದೇ ಹುರುಳಿ ತಿನ್ನಿಸಿ, ಬಕ್ರೀದಿಗೆ ವಾರವಿರುವಾಗ ಬೆಂಗಳೂರಿಗೆ ಹೊಡೆದುಕೊಂಡು ಬರುತ್ತಾರೆ.