ರೆನಶೆನ್ಸ: ಕ್ಯಾಟಲಾನ್ ನುಡಿಯ ಪುನರುತ್ಥಾನ

ಸ್ಪೇನಿನ ಈಶಾನ್ಯಕ್ಕಿರುವ ಕ್ಯಾಟಲೋನಿಯಾದಲ್ಲಿ ಹುಟ್ಟಿ, ಅದೇ ನುಡಿಯನ್ನಾಡುವ ವೆಲೆನ್ಸಿಯಾ ಹಾಗೂ ಮಯೋರ್ಕಾ ದ್ವೀಪಕ್ಕೂ ಹಬ್ಬಿದ 19ನೆಯ ಶತಮಾನದ ಭಾಷಾ ಸಾಹಿತ್ಯ ಚಳವಳಿ. ಅಲ್ಲಿನವರು ಇದನ್ನು ರೆನಶೆನ್ಸ, ಅಂದರೆ ಮರುಹುಟ್ಟು ಎಂದು ಕರೆಯುತ್ತಾರೆ. ಯೂರೋಪಿನ ರೊಮ್ಯಾಂಟಿಕ್ ಪಂಥದ ಇತಿಹಾಸಪ್ರೇಮ, ಜನಪದಪ್ರೇಮಗಳೇ ಇದರ ಬೀಜ. 1833ರಲ್ಲಿ ಪ್ರಕಟವಾದ ಒಂದು ಕವಿತೆಯಿಂದ ಇದರ ಕಾಲವನ್ನು ಎಣಿಸುವುದು ವಾಡಿಕೆ. ಶತಮಾನದ ಕೊನೆಯಲ್ಲಿ ಮುಡರ್ನಿಸ್ಮೆ ಎಂಬ ಹೊಸ ಪಂಥ ತಲೆಯೆತ್ತುವ ಹೊತ್ತಿಗೆ ಚಳವಳಿ ತನ್ನ ಮುಖ್ಯ ಕೆಲಸವನ್ನು ಮುಗಿಸಿತ್ತು.

ಮಧ್ಯಯುಗದಲ್ಲಿ ಕ್ಯಾಟಲಾನ್ ದೊಡ್ಡ ಸಾಹಿತ್ಯವುಳ್ಳ ಭಾಷೆಯಾಗಿತ್ತು. 13ನೆಯ ಶತಮಾನದಲ್ಲಿ ರಮೋನ್ ಲ್ಯೂಲ್ ಇದರಲ್ಲಿ ತತ್ತ್ವಶಾಸ್ತ್ರ ಬರೆದ. 15ನೆಯ ಶತಮಾನದಲ್ಲಿ ಔಸಿಯಾಸ್ ಮಾರ್ಕ್ ಪ್ರೇಮಕವಿತೆಗಳನ್ನು ಬರೆದ. ಜುಆನೊಟ್ ಮರ್ತುರೆಲ್ ಬರೆದ ‘ತಿರಾನ್ ಲೊ ಬ್ಲಾಂಕ್’ ಎಂಬ ವೀರಕಾದಂಬರಿ 1490ರಲ್ಲಿ ವೆಲೆನ್ಸಿಯಾದಲ್ಲಿ ಅಚ್ಚಾಯಿತು. ಮುಂದೆ ಸರ್ವಾಂಟಿಸ್ ತನ್ನ ‘ಡಾನ್ ಕ್ವಿಕ್ಸೋಟ್’ನಲ್ಲಿ ಪಾದ್ರಿಯೊಬ್ಬನ ಬಾಯಿಂದ ಅದನ್ನು ಹೊಗಳಿಸಿದ. ಆಮೇಲೆ ರಾಜದರ್ಬಾರು ಸ್ಪೇನಿನ ನಡುನಾಡಾದ ಕ್ಯಾಸ್ಟೀಲಿನ ಕಡೆಗೆ ಸರಿದಂತೆ ಪಂಡಿತರ ಬರವಣಿಗೆಯೂ ಅತ್ತಲೇ ಸರಿಯಿತು. ಸ್ಪೇನಿನ ಉತ್ತರಾಧಿಕಾರದ ಯುದ್ಧದಲ್ಲಿ 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಬೂರ್ಬನ್ ರಾಜವಂಶದ ಸೈನ್ಯದ ಕೈವಶವಾಯಿತು. 1716ರ ‘ನುಎವಾ ಪ್ಲಾಂತಾ’ ಆಜ್ಞೆ ಕ್ಯಾಟಲೋನಿಯಾದ ಸ್ವಂತ ಆಡಳಿತ ಸಂಸ್ಥೆಗಳನ್ನು ರದ್ದುಮಾಡಿ, ಉಚ್ಚ ನ್ಯಾಯಾಲಯದ ವ್ಯವಹಾರವನ್ನು ಕ್ಯಾಸ್ಟೀಲಿಯನ್ನಿಗೆ, ಅಂದರೆ ಇಂದು ಸ್ಪ್ಯಾನಿಷ್ ಎನ್ನುವ ಭಾಷೆಗೆ, ಬದಲಿಸಿತು. 1768ರ ರಾಜಾಜ್ಞೆಯಿಂದ ಶಾಲೆಯ ಪಾಠವೂ ಕ್ಯಾಸ್ಟೀಲಿಯನ್ನಿನಲ್ಲೇ ನಡೆಯಬೇಕಾಯಿತು. ತಾನೇ ಕ್ಯಾಟಲಾನನಾಗಿದ್ದ ಇತಿಹಾಸಕಾರ ಆಂತೋನಿ ದೆ ಕಪ್ಮಾನಿ ಇದು ವಿದ್ವತ್‌ಲೋಕದ ಮಟ್ಟಿಗೆ ಸತ್ತ ಭಾಷೆಯೆಂದು ಬರೆದುಬಿಟ್ಟ.

ಹೊಲ, ಸಂತೆ, ಅಡುಗೆಮನೆ, ಇಗರ್ಜಿಗಳಲ್ಲಿ ಮಾತ್ರ ಜನ ಆಡುತ್ತಿದ್ದುದು ಕ್ಯಾಟಲಾನ್ ಒಂದನ್ನೇ. ಹಳ್ಳಿಗರಲ್ಲಿ ಬಹುಮಂದಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಹೀಗಾಗಿ ಚಳವಳಿಗೆ ಮರುಹುಟ್ಟು ಎಂಬ ಹೆಸರು ಪೂರ್ತಿ ಹೊಂದುವುದಿಲ್ಲ. ಕಳೆದುಹೋಗಿದ್ದುದು ಬರಹದ ಮಾನ. ಅದನ್ನು ಮರಳಿ ತರಲು ಹೊರಟವರು ಓದಿದ ನಗರವಾಸಿಗಳು. ಅವರಿಗೂ ಆ ನುಡಿಯನ್ನು ದಿನವೂ ಆಡುತ್ತಿದ್ದ ಜನಕ್ಕೂ ನಡುವೆ ಇದ್ದ ದೂರವೇ ರೆನಶೆನ್ಸದ ಮುಖ್ಯ ತೊಡಕಾಗಿತ್ತು, ಅದರ ಹಿರಿಮೆ ಇರುವುದೂ ಆ ದೂರವನ್ನು ಕ್ರಮಿಸಿದ್ದರಲ್ಲಿಯೇ.

1833ರ ಆಗಸ್ಟ್ 24ರಂದು ಬಾರ್ಸಿಲೋನಾದ ‘ಎಲ್ ವಪೋರ್’ ಪತ್ರಿಕೆಯಲ್ಲಿ ಬುನವೆಂತೂರಾ ಕಾರ್ಲೆಸ್ ಅರಿಬಾವ್ ಬರೆದ ‘ಲಾ ಪಾತ್ರಿಯಾ’ ಎಂಬ ಕವಿತೆ ಅಚ್ಚಾಯಿತು. ಅರಿಬಾವ್ ಆಗ ಮ್ಯಾಡ್ರಿಡ್ಡಿನಲ್ಲಿ ಗಾಸ್ಪಾರ್ ದೆ ರಮಿಸಾ ಎಂಬ ಕ್ಯಾಟಲಾನ್ ಸಾಹುಕಾರನ ಬಳಿ ನೌಕರಿಯಲ್ಲಿದ್ದ. ಧಣಿಯ ಹೆಸರಿನ ಹಬ್ಬಕ್ಕೆ ಕಾಣಿಕೆಯಾಗಿ ಬರೆದ ಪದ್ಯ ಅದು. ಊರಿನ ಬೆಟ್ಟಗಳಿಂದ ದೂರವಾದವನ ಹಂಬಲದಿಂದ ಅದು ತೊಡಗುತ್ತದೆ. ಹಸುಳೆಯಾಗಿ ತಾಯಿಯ ಎದೆಯಲ್ಲಿ ಕೇಳಿದ ನುಡಿ, ಪ್ರಾರ್ಥನೆಯ ನುಡಿ, ಕನಸಿನ ನುಡಿ ಎಂದು ಭಾಷೆಯನ್ನೇ ನಾಡಿನ ತಿರುಳಾಗಿ ಕಾಣುತ್ತದೆ. ಅರಿಬಾವ್ ಮುಂದೆ ಕ್ಯಾಟಲಾನ್‌ನಲ್ಲಿ ಬರೆದದ್ದು ಅತ್ಯಲ್ಪ. 1846ರಿಂದ ಕ್ಯಾಸ್ಟೀಲಿಯನ್ ಅಭಿಜಾತ ಗ್ರಂಥಗಳ ಮಹಾಮಾಲೆಯೊಂದರ ಸಂಪಾದಕನಾದ. ಆದರೂ ಆ ಒಂದು ಪದ್ಯ ಅವನ ಕೈಮೀರಿ ಬೆಳೆಯಿತು.

ಒಂದು ಪದ್ಯವನ್ನು ಕಾರ್ಯಕ್ರಮವಾಗಿ ಮಾಡಿದವನು ಜುಆಕಿಂ ರುಬಿಯೋ ಇ ಓರ್ಸ್. 1839ರಿಂದ ‘ಲ್ಯುಬ್ರೆಗಾತ್ ನದಿಯ ಬ್ಯಾಗ್‌ಪೈಪ್ ವಾದಕ’ ಎಂಬ ಗುಪ್ತನಾಮದಲ್ಲಿ ಅವನ ಕ್ಯಾಟಲಾನ್ ಪದ್ಯಗಳು ‘ದಿಯಾರಿಯೊ ದೆ ಬಾರ್ಸಿಲೋನಾ’ದಲ್ಲಿ ಬರತೊಡಗಿದವು. 1841ರಲ್ಲಿ ಅವು ಪುಸ್ತಕವಾದಾಗ ಬರೆದ ಮುನ್ನುಡಿಯೇ ಚಳವಳಿಯ ಪ್ರಣಾಳಿಕೆ. ರಾಜಕೀಯ ಸ್ವಾತಂತ್ರ್ಯ ಕೈಗೆಟುಕದಿದ್ದರೂ ಸಾಹಿತ್ಯದ ಸ್ವಾತಂತ್ರ್ಯವನ್ನು ಕ್ಯಾಟಲೋನಿಯಾ ಬಯಸಬಹುದು ಎಂಬುದು ಅದರ ವಾದ. ವಿಲಾಫ್ರಾಂಕಾದ ಮನುಎಲ್ ಮಿಲಾ ಇ ಫೊಂತನಾಲ್ಸ್ ಟ್ರೂಬಡೂರ್ ಕವಿಗಳ ಚರಿತ್ರೆಯನ್ನೂ ಜನಪದ ಲಾವಣಿಗಳನ್ನೂ ಶಾಸ್ತ್ರೀಯವಾಗಿ ಕಲೆಹಾಕಿದ. ಮಯೋರ್ಕಾದಿಂದ ಬಂದ ಗ್ರಂಥಪಾಲಕ ಮರಿಯಾ ಅಗಿಲೋ ಊರೂರು ತಿರುಗಿ ಹಾಡು, ಮಾತುಗಳನ್ನು ಬರೆದುಕೊಂಡ. ಅವನು ಕೂಡಿಸಿದ ಪದರಾಶಿ ಅವನು ತೀರಿಕೊಂಡ ಮೇಲೆ ನಿಘಂಟಾಗಿ ಹೊರಬಂತು. ಇವರಲ್ಲಿ ಹಲವರು ವಿದ್ವತ್ ಗದ್ಯವನ್ನು ಬರೆದದ್ದು ಕ್ಯಾಸ್ಟೀಲಿಯನ್ನಿನಲ್ಲೇ. ಕವಿತೆಗೆ ತಾಯ್ನುಡಿ, ಶಾಸ್ತ್ರಕ್ಕೆ ರಾಜಭಾಷೆ ಎಂಬ ಈ ಹಂಚಿಕೆ ಬಹುಕಾಲ ಉಳಿಯಿತು.

1859ರ ಮೇ ತಿಂಗಳ ಮೊದಲ ಭಾನುವಾರ ಬಾರ್ಸಿಲೋನಾ ನಗರಸಭೆಯ ‘ನೂರ್ವರ ಸಭಾಂಗಣ’ದಲ್ಲಿ ‘ಜಾಕ್ಸ್ ಫ್ಲೊರಾಲ್ಸ್’ ಎಂಬ ಕಾವ್ಯಸ್ಪರ್ಧೆ ಮತ್ತೆ ನಡೆಯಿತು. 14ನೆಯ ಶತಮಾನದಲ್ಲಿ ತುಲೂಸಿನಲ್ಲಿ ಆರಂಭವಾಗಿ, 1393ರಲ್ಲಿ ಅರಸ ಒಂದನೆಯ ಜುಆನ್ ಬಾರ್ಸಿಲೋನಾಕ್ಕೆ ತಂದ ಪದ್ಧತಿಯಿದು. ಮತ್ತೆ ಆರಂಭವಾದ ಮೊದಲ ವರ್ಷದ ಅಧ್ಯಕ್ಷ ಮಿಲಾ. ಮುಂದಾಳುಗಳು ವಿಕ್ತೋರ್ ಬಲಾಗೆ ಮತ್ತು ಆಂತೋನಿ ದೆ ಬುಫರುಲ್. ನಾಡು, ಧರ್ಮ, ಪ್ರೇಮ ಎಂಬ ಮೂರು ವಸ್ತುಗಳಿಗೆ ಮೂರು ಬಹುಮಾನ: ನಾಡಿನ ಪದ್ಯಕ್ಕೆ ಚಿನ್ನದ ಕಾಡುಗುಲಾಬಿ, ಧರ್ಮದ ಪದ್ಯಕ್ಕೆ ಚಿನ್ನ ಬೆಳ್ಳಿಯ ವಯೊಲೆಟ್ ಹೂ, ಪ್ರೇಮದ ಪದ್ಯಕ್ಕೆ ನಿಜವಾದ ಹೂ. ಮೂರೂ ಬಹುಮಾನಗಳಲ್ಲಿ ಈ ನಿಜ ಹೂವಿಗೇ ಹೆಚ್ಚಿನ ಮರ್ಯಾದೆ. ಅದನ್ನು ಗೆದ್ದವನು ಸಭೆಯಲ್ಲಿದ್ದ ಒಬ್ಬ ಹೆಣ್ಣಿಗೆ ಹೂವನ್ನರ್ಪಿಸಿ ಅವಳನ್ನು ಉತ್ಸವದ ರಾಣಿಯಾಗಿ ಕೂರಿಸುತ್ತಿದ್ದ. ಮೂರನ್ನೂ ಗೆದ್ದ ಕವಿಗೆ ‘ಮೆಸ್ತ್ರೆ ಎನ್ ಗಾಯ್ ಸಬೆ’ ಎಂಬ ಬಿರುದು. ಇಲ್ಲಿ ಬಂದ ಪದ್ಯಗಳಲ್ಲಿ ಬಹುಪಾಲು ಇಂದು ಯಾರೂ ಓದದಂಥವು. ಹಳೆಯ ಮಾತಿನ ಅಲಂಕಾರ, ಗತವೈಭವದ ಕೊರಗು ತುಂಬಿದವು. ಹಾಗಿದ್ದರೂ ಈ ಸಭೆ ಇಲ್ಲದೆ ಹೋಗಿದ್ದರೆ ಮುಂದಿನ ದೊಡ್ಡ ಲೇಖಕರಿಗೆ ವೇದಿಕೆಯೂ ಇರುತ್ತಿರಲಿಲ್ಲ, ಓದುಗರೂ ಸಿಗುತ್ತಿರಲಿಲ್ಲ.

ಈ ಆಡಂಬರದ ಭಾಷೆಗೆ ಎದುರಾಗಿ ನಿಂತವನು ನಾಟಕಕಾರ ಫ್ರೆದೆರಿಕ್ ಸೊಲೆ. ‘ಸೆರಫಿ ಪಿತಾರ್ರಾ’ ಅವನ ಕಾವ್ಯನಾಮ, ಗಡಿಯಾರ ರಿಪೇರಿ ಅವನ ಕಸುಬು. ಎಸ್ಕುದೆಲ್ಯೆಸ್ ಬೀದಿಯ ಅಂಗಡಿಯ ಹಿಂಗೋಣೆಯಲ್ಲಿ ಗೆಳೆಯರ ಕೂಟ ಕಟ್ಟಿಕೊಂಡು, ಈಗ ಜನರ ಬಾಯಲ್ಲಿರುವ ಕ್ಯಾಟಲಾನೇ ನಾಟಕಕ್ಕೆ ಸಾಕು ಎಂದು ಪಟ್ಟುಹಿಡಿದ. 1860ರ ದಶಕದಲ್ಲಿ ಅವನ ಅಣಕು ನಾಟಕಗಳಿಗೆ ಜನ ಕಿಕ್ಕಿರಿದರು. ಇಡೀ ನಾಟಕ ಪ್ರಾಂತ್ಯದ ನುಡಿಯಲ್ಲೇ ಇರಕೂಡದೆಂದು 1867ರಲ್ಲಿ ಸರಕಾರ ಆಜ್ಞೆ ಹೊರಡಿಸಿದ್ದು ರಂಗಭೂಮಿಯ ಆ ಬಲಕ್ಕೆ ಸಾಕ್ಷಿ. ನಾಟಕಕಾರರು ಕ್ಯಾಸ್ಟೀಲಿಯನ್ ಮಾತಾಡುವ ಪಾತ್ರವೊಂದನ್ನು ಸೇರಿಸಿ ದಾರಿ ಕಂಡುಕೊಂಡರು. ಮರುವರ್ಷದ ಕ್ರಾಂತಿಯಲ್ಲಿ ರಾಣಿ ಎರಡನೆಯ ಇಸಬೆಲ್ ದೇಶ ಬಿಟ್ಟ ಮೇಲೆ ಆಜ್ಞೆಯೂ ಬಿದ್ದುಹೋಯಿತು.

ಸಭೆಯ ಗಾಂಭೀರ್ಯವನ್ನೂ ಬೀದಿಯ ಜೀವಂತಿಕೆಯನ್ನೂ ಒಂದೇ ನುಡಿಯಲ್ಲಿ ಕೂಡಿಸಿದ ಕವಿ ಜಸಿಂತ್ ವೆರ್ದಾಗೆ. ರೆನಶೆನ್ಸವನ್ನು ಒಬ್ಬನೇ ಲೇಖಕನ ಮೂಲಕ ಅರಿಯಬೇಕಾದರೆ ಇವನನ್ನು ಓದಬೇಕು. 1845ರಲ್ಲಿ ವಿಕ್ ಪಟ್ಟಣದ ಬಳಿಯ ಫುಲ್ಗರೋಲೆಸ್ ಹಳ್ಳಿಯಲ್ಲಿ ಹುಟ್ಟಿದ. ಪಾದ್ರಿಯಾಗಲು ಓದುತ್ತಿದ್ದಾಗಲೇ, 1865ರಲ್ಲಿ, ರೈತರ ಕೆಂಪು ಟೊಪ್ಪಿಗೆ ‘ಬರೆತೀನಾ’ ಹಿಡಿದು ಜಾಕ್ಸ್ ಫ್ಲೊರಾಲ್ಸ್ ಸಭೆಗೆ ಬಂದು ಬಹುಮಾನ ಪಡೆದ. ಆರೋಗ್ಯ ಕೆಟ್ಟಾಗ ಕ್ಯೂಬಾಕ್ಕೆ ಹೋಗಿಬರುವ ಹಡಗಿನಲ್ಲಿ ಪಾದ್ರಿಯಾಗಿ ಕೆಲಸಕ್ಕೆ ಸೇರಿದ. ಆ ಕಡಲಯಾನಗಳ ನಡುವೆ ಪಕ್ವವಾದ ಮಹಾಕಾವ್ಯ ‘ಲಟ್ಲಾಂತಿದಾ’ಕ್ಕೆ 1877ರಲ್ಲಿ ಬಹುಮಾನ ಬಂತು. ಹಡಗು ಒಡೆದು ದಡ ಸೇರಿದ ತರುಣನೊಬ್ಬನಿಗೆ ಮುದಿ ಸಂನ್ಯಾಸಿಯೊಬ್ಬ ಅಟ್ಲಾಂಟಿಸ್ ಖಂಡ ಮುಳುಗಿದ ಕಥೆ ಹೇಳುತ್ತಾನೆ. ಕೇಳುತ್ತಿರುವ ತರುಣ ಕೊಲಂಬಸ್. ಎರಡನೆಯ ಮಹಾಕಾವ್ಯ ‘ಕನಿಗೋ’ 1886ರಲ್ಲಿ ಬಂತು. ಅದಕ್ಕಾಗಿ ವೆರ್ದಾಗೆ ಬೇಸಗೆಗಳಲ್ಲಿ ಪಿರನೀಸ್ ಪರ್ವತಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಶಿಖರಗಳ ಹೆಸರು, ಐತಿಹ್ಯ, ಕುರುಬರ ಮಾತುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಮಹಾಕಾವ್ಯಕ್ಕೆ ತಕ್ಕ ಪದಸಂಪತ್ತು ಅವನಿಗೆ ಹಳೆಯ ಓಲೆಗಳಿಗಿಂತ ಹೆಚ್ಚಾಗಿ ಹಳ್ಳಿಯವರ ನಾಲಿಗೆಯ ಮೇಲೆ ಸಿಕ್ಕಿತು. 1890ರ ದಶಕದಲ್ಲಿ ದೆವ್ವ ಬಿಡಿಸುವ ವಿಧಿಗಳ ವಿಚಾರದಲ್ಲಿ ಚರ್ಚಿನೊಡನೆ ವೈಮನಸ್ಸು ಬೆಳೆದು ಕೆಲಕಾಲ ಪೌರೋಹಿತ್ಯದ ಅಧಿಕಾರ ಕಳೆದುಕೊಂಡ. 1902ರಲ್ಲಿ ಅವನು ತೀರಿಕೊಂಡಾಗ ಬಾರ್ಸಿಲೋನಾದ ಬೀದಿಗಳಲ್ಲಿ ಜನಸಾಗರವೇ ಸೇರಿತು.

ಅದೇ ತಲೆಮಾರಿನ ಆಂಜೆಲ್ ಗಿಮೆರಾ ರಂಗಭೂಮಿಗೆ ದುರಂತ ನಾಟಕಗಳನ್ನು ಕೊಟ್ಟ. ಅವನ ‘ತೆರ್ರಾ ಬಾಯ್ಶಾ’ (1896) ‘ಟೀಫ್‌ಲಾಂಟ್’ ಎಂಬ ಜರ್ಮನ್ ಆಪೆರಾ ಆಗಿ ಯೂರೋಪನ್ನು ಸುತ್ತಿತು. ನರ್ಸಿಸ್ ಓಲ್ಯೆ ವಾಸ್ತವವಾದಿ ಕಾದಂಬರಿಯನ್ನು ನೆಲೆಗೊಳಿಸಿದ. ಬಾರ್ಸಿಲೋನಾದ ಷೇರುಪೇಟೆಯ ಹುಚ್ಚನ್ನು ‘ಲಾ ಫೆಬ್ರೆ ದೋರ್’ನಲ್ಲಿ ಚಿತ್ರಿಸಿದ. ಹೆಂಗಸರಿಗೆ ಹೂವಿನ ರಾಣಿಯ ಪೀಠ ಕೊಟ್ಟಷ್ಟು ಸುಲಭವಾಗಿ ಲೇಖಕಿಯ ಸ್ಥಾನ ಸಿಗಲಿಲ್ಲ. 1898ರಲ್ಲಿ ಉಲೋಟ್ ಪಟ್ಟಣದ ಸ್ಪರ್ಧೆಯಲ್ಲಿ ಶಿಶುಹತ್ಯೆ ಮಾಡಿದ ಹೆಣ್ಣಿನ ಸ್ವಗತವೊಂದು ಗೆದ್ದಿತು. ಬರೆದವಳು ಕತೆರೀನಾ ಅಲ್ಬೆರ್ಟ್ ಎಂಬ ತರುಣಿ ಎಂದು ತಿಳಿದಾಗ ಗದ್ದಲವೆದ್ದಿತು. ಆಕೆ ಮುಂದೆ ‘ವಿಕ್ತೋರ್ ಕತಲಾ’ ಎಂಬ ಗಂಡುಹೆಸರಿನಲ್ಲಿ ಬರೆದು, 1905ರ ‘ಸುಲಿತೂತ್’ ಕಾದಂಬರಿಯಿಂದ ಅಗ್ರಪಂಕ್ತಿಗೆ ಬಂದಳು.

ವೆಲೆನ್ಸಿಯಾದಲ್ಲಿ ತೆಉದೋರ್ ಲ್ಯುರೆಂತೆ ಮುಂದಾಳು. ಅಲ್ಲಿ 1878ರಲ್ಲಿ ‘ಲೊ ರಾಟ್ ಪೆನಾಟ್’ ಸಂಘ ಹುಟ್ಟಿತು. ಅಲ್ಲಿ ಚಳವಳಿ ಬಹುಮಟ್ಟಿಗೆ ಕಾವ್ಯದಲ್ಲೇ ನಿಂತಿತು, ರಾಜಕೀಯಕ್ಕೆ ಇಳಿಯಲಿಲ್ಲ. ಮಯೋರ್ಕಾದ ಮಿಕೆಲ್ ಕೋಸ್ತಾ ಇ ಲ್ಯುಬೇರಾ ಕಡಲಂಚಿನ ಪೈನ್ ಮರವೊಂದರ ಮೇಲೆ ಬರೆದ ಕವಿತೆ ಇಂದಿಗೂ ಪ್ರಸಿದ್ಧ. ಪಿರನೀಸ್ ಆಚೆಗಿನ ಪ್ರೊವಾನ್ಸಿನ ಕವಿ ಫ್ರೆದೆರಿ ಮಿಸ್ತ್ರಾಲ್ ಮತ್ತು ಗೆಳೆಯರೊಂದಿಗೆ ಗಾಢ ಸ್ನೇಹವಿತ್ತು. ದೇಶಭ್ರಷ್ಟನಾದ ಬಲಾಗೆಗೆ ಆಸರೆ ಕೊಟ್ಟದ್ದಕ್ಕೆ 1867ರಲ್ಲಿ ಕ್ಯಾಟಲಾನರು ಅವರಿಗೆ ಬೆಳ್ಳಿಯ ಬಟ್ಟಲೊಂದನ್ನು ಕಾಣಿಕೆಯಿತ್ತರು.

ಇದೆಲ್ಲಕ್ಕೂ ಹಣ, ಓದುಗರು, ಆತ್ಮವಿಶ್ವಾಸ ಬಂದದ್ದು ಹತ್ತಿಯ ಗಿರಣಿಗಳಿಂದ. 1848ರಲ್ಲಿ ಬಾರ್ಸಿಲೋನಾ ಮತ್ತು ಮತರೋ ನಡುವೆ ಸ್ಪೇನಿನ ನೆಲದ ಮೊದಲ ರೈಲು ಓಡಿತು, 1854ರಲ್ಲಿ ಬಾರ್ಸಿಲೋನಾದ ಕೋಟೆಗೋಡೆ ಒಡೆಯತೊಡಗಿದರು. ಗೋಡೆಯಾಚೆ ಎದ್ದ ಎಶಾಂಪ್ಲ ಬಡಾವಣೆಯ ಬೀದಿಗಳಿಗೆ ಹೆಸರು ಸೂಚಿಸಿದವನು ಇದೇ ಬಲಾಗೆ. ಅರಗೋ, ವೆಲೆನ್ಸಿಯಾ, ಮಯೋರ್ಕಾ, ಸಿಸಿಲಿ ಎಂದು ಕ್ಯಾಟಲೋನಿಯಾ ಸೇರಿದ್ದ ಹಳೆಯ ರಾಜ್ಯದ ಪ್ರಾಂತ್ಯಗಳು. ನೂರ್ವರ ಸಭೆ ಎಂದು 1714ರ ನಂತರ ಅಳಿದ ನಗರಾಡಳಿತ ಸಂಸ್ಥೆ. ಔಸಿಯಾಸ್ ಮಾರ್ಕ್ ಎಂದು ಕವಿ. ಕಳೆದುಹೋದ ರಾಜ್ಯದ ಚರಿತ್ರೆಯನ್ನು ಜನ ಈಗ ವಿಳಾಸವಾಗಿ ಬರೆಯುವಂತಾಯಿತು. ಜುಸೆಪ್ ಆನ್ಸೆಲ್ಮ್ ಕ್ಲಾವೇ ಗಿರಣಿ ಕಾರ್ಮಿಕರ ಗಾಯನಮೇಳಗಳನ್ನು ಕಟ್ಟಿದ. ಪಾಳುಬಿದ್ದಿದ್ದ ರಿಪೋಲ್ ಮಠ ಜೀರ್ಣೋದ್ಧಾರವಾಯಿತು. ಚಾರಣ ಸಂಘಗಳವರು ಬೆಟ್ಟ ಹತ್ತುತ್ತ ಹಾಡು, ಶಾಸನ, ಹಳೆಯ ಇಗರ್ಜಿಗಳನ್ನು ದಾಖಲಿಸಿದರು.

ರಾಜಕೀಯ ಹಿಂದೆಯೇ ಬಂತು. 1879ರಲ್ಲಿ ವಲೆಂತಿ ಅಲ್ಮಿರಾಲ್ ‘ದಿಯಾರಿ ಕತಲಾ’ ಎಂಬ ಮೊದಲ ಕ್ಯಾಟಲಾನ್ ದಿನಪತ್ರಿಕೆ ತಂದ. 1871ರಿಂದ ನಿಯತಕಾಲಿಕವಾಗಿದ್ದ ‘ಲಾ ರೆನಶೆನ್ಸ’ 1881ರಲ್ಲಿ ದಿನಪತ್ರಿಕೆಯಾಯಿತು. 1885ರಲ್ಲಿ ಕ್ಯಾಟಲಾನರ ಕುಂದುಕೊರತೆಗಳ ಮನವಿಯನ್ನು ದೊರೆಗೆ ಸಲ್ಲಿಸಲಾಯಿತು. 1892ರ ಮನ್ರೇಸಾ ಸಮ್ಮೇಳನದ ನಿರ್ಣಯಗಳು ಕ್ಯಾಟಲೋನಿಯಾದಲ್ಲಿ ಕ್ಯಾಟಲಾನೊಂದೇ ಅಧಿಕೃತ ಭಾಷೆಯಾಗಬೇಕೆಂದು ಕೇಳಿದವು.

ಕವಿಗಳು ಬಿಟ್ಟುಹೋದ ದೊಡ್ಡ ಕೊರತೆಯೆಂದರೆ ಕಾಗುಣಿತ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಿದ್ದರು. ‘ಲಾ ರೆನಶೆನ್ಸ’ ಪತ್ರಿಕೆಯ ಹೆಸರಿನ ಕಾಗುಣಿತವೇ ಇಂದಿನ ರೂಪಕ್ಕಿಂತ ಬೇರೆಯಿತ್ತು. ಈ ಕೆಲಸಕ್ಕೆ ಕೈಹಾಕಿದವನು ಎಂಜಿನಿಯರಿಂಗ್ ಓದಿದ್ದ ಪುಂಪೇವು ಫಾಬ್ರಾ. 1907ರಲ್ಲಿ ಸ್ಥಾಪನೆಯಾದ ಕ್ಯಾಟಲಾನ್ ಅಧ್ಯಯನ ಸಂಸ್ಥೆ 1913ರಲ್ಲಿ ಕಾಗುಣಿತದ ನಿಯಮಗಳನ್ನು ಪ್ರಕಟಿಸಿತು; ಫಾಬ್ರಾನ ವ್ಯಾಕರಣ 1918ರಲ್ಲಿ, ನಿಘಂಟು 1932ರಲ್ಲಿ ಹೊರಬಂದವು. ಅದೇ 1932ರಲ್ಲಿ ವೆಲೆನ್ಸಿಯಾದ ಬರಹಗಾರರು ಕಸ್ತೆಲ್ಯೋದಲ್ಲಿ ಸೇರಿ, ತಮ್ಮ ಭಾಗದ ರೂಪಗಳಿಗೆ ಎಡೆಮಾಡಿಕೊಂಡು, ಆ ಕಾಗುಣಿತವನ್ನೇ ಒಪ್ಪಿಕೊಂಡರು.