ಹಿಂಬಾಗಿಲ ಗಾಜಿನ ಪೂರ್ವಕಥೆ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಸಂಜೆಯ ಹೊತ್ತು ಕಾರು ನಿಲ್ಲಿಸಲು ಜಾಗ ಸಿಕ್ಕಿತೆಂದರೆ ಅದು ಪೂರ್ವಜನ್ಮದ ಪುಣ್ಯವೇ ಸರಿ. ಕಳೆದ ಬೇಸಗೆಯಲ್ಲಿ ನನಗೆ ಆ ಪುಣ್ಯ ದೊರೆಯಿತು. ಅದರ ಹಿಂದೆಯೇ, ಎಲ್ಲಿಂದಲೋ ಸಿಡಿದ ಕಲ್ಲೊಂದು ಬಂದು ಹಿಂಬಾಗಿಲಿಗೆ ಬಡಿಯಿತು. ನಾನಿನ್ನೂ ಇಳಿಯುತ್ತಿದ್ದೆ, ಒಂದೇ ಸದ್ದಿಗೆ ಗಾಜು ಪುಡಿಯಾಯಿತು. ಅದೇ ಬಾಗಿಲಿಗೆ ಒರಗಿಕೊಂಡು ಆರು ವರ್ಷದ ಮೊಮ್ಮಗಳು ನಿದ್ದೆ ಹೋಗಿದ್ದಳು. ಎದೆ ಝಲ್ಲೆಂದಿತು. ತಿರುಗಿ ನೋಡಿದರೆ ಹುಡುಗಿಯ ಮಡಿಲ ತುಂಬ ಕಲ್ಲುಸಕ್ಕರೆಯಂಥ ಹರಳುಗಳು. ಮೈಮೇಲೆ ಮಾತ್ರ ಒಂದು ಗೀರೂ ಇಲ್ಲ.

ಮರುದಿನ ಗಾಜಿನ ಅಳತೆಗೆ ರಟ್ಟು ಕತ್ತರಿಸಿಕೊಂಡು, ಕನ್ನಡಿ ಕಟ್ಟುಗಳ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಮುದುಕ ನಕ್ಕ. “ಮನೀ ಕಿಟಕಿ ಗಾಜಾದ್ರ ಈಗ ಕೊಯ್ದು ಕೊಡ್ತೀನ್ರಿ. ಗಾಡಿ ಗಾಜಿಗೆ ವಜ್ರ ಹಚ್ಚಿದ್ರ ಅದೂ ಪುಡೀನೇ ಆಗ್ತದ. ಸಾದಾ ಗಾಜು ಹಾಕು ಅಂದ್ರ ಹಾಕಬಹುದು. ಆದ್ರ ಅದರ ಪಕ್ಕಕ್ಕ ಯಾರನ್ನ ಕೂಡಸ್ತೀರಿ?” ನಾನು ರಟ್ಟು ಮಡಿಸಿಕೊಂಡು ಹಿಂದಿರುಗಿದೆ.

ಕೊಯ್ಯಲು ಬಾರದ ಈ ಗಾಜಿನ ಕಥೆ ಮೋಟಾರಿಗಿಂತ ಬಹಳ ಹಳೆಯದು. ಕುದಿಯುವ ಗಾಜಿನ ಹನಿಯೊಂದನ್ನು ನೀರಿಗೆ ಬಿಟ್ಟರೆ ಬಾಲವುಳ್ಳ ಮಣಿಯಾಗುತ್ತದೆ. ಅದರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಒಡೆಯದು. ಬಾಲದ ತುದಿ ಮುರಿದರೆ ಸಾಕು, ಇಡಿಯ ಮಣಿ ಸಿಡಿದು ಹುಡಿಯಾಗುತ್ತದೆ. 1660ರ ಸುಮಾರಿಗೆ ರಾಜಕುಮಾರ ರೂಪರ್ಟ್ ಇದನ್ನು ಇಂಗ್ಲೆಂಡಿನ ದೊರೆಯ ಗಮನಕ್ಕೆ ತಂದನು. 1665ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ರಾಬರ್ಟ್ ಹುಕ್ ಈ ಹನಿಯ ಕಾರಣವನ್ನು ಹುಡುಕಲು ತೊಡಗಿದನು. ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ಒಳಗಣ ಬಿಸಿ ಭಾಗ ಆಮೇಲೆ ಕುಗ್ಗುತ್ತ ಹೊರಮೈಯನ್ನು ಒಳಕ್ಕೆಳೆದು ಬಿಗಿಹಿಡಿಯುತ್ತದೆ. ಆ ಬಿಗಿತವೇ ಗಾಜಿನ ಬಲ. ಅದು ಒಂದು ಕಡೆ ಸಡಿಲಿದರೆ ಎಲ್ಲ ಕಡೆಗೂ ಸಡಿಲಿದಂತೆ.

ಆಟದ ವಸ್ತುವಾಗಿದ್ದ ಈ ಗುಣವನ್ನು ಹಲಗೆ ಗಾಜಿಗೆ ತಂದವನು ಫ್ರಾನ್ಸಿನ ಡಿ ಲಾ ಬಾಸ್ತಿ. ಕಾಯಿಸಿದ ಗಾಜನ್ನು ಬಿಸಿ ಎಣ್ಣೆಯಲ್ಲಿ ಅದ್ದುವ ವಿಧಾನಕ್ಕೆ ಆತ 1874ರಲ್ಲಿ ಹಕ್ಕುಪತ್ರ ಪಡೆದನು. ಈಗಿನ ಕಾರ್ಖಾನೆಗಳಲ್ಲಿ ಎಣ್ಣೆಯಿಲ್ಲ. ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಮುಖಕ್ಕೆ ತಂಗಾಳಿಯನ್ನು ಊದುತ್ತಾರೆ. ಕತ್ತರಿಸುವುದು, ತೂತು ಕೊರೆಯುವುದು ಎಲ್ಲವೂ ಅದಕ್ಕೆ ಮುಂಚೆಯೇ ಮುಗಿದಿರಬೇಕು. ಅಂಗಡಿಯ ಮುದುಕನ ವಜ್ರದ ಮೊನೆಗೆ ಕೆಲಸ ತಪ್ಪಿದ್ದು ಹೀಗೆ.

ಮೊದಮೊದಲ ಕಾರುಗಳಿಗೆ ಪಕ್ಕದ ಗಾಜೇ ಇರಲಿಲ್ಲ. ಮಳೆ ಬಂದರೆ ಕಿತ್ತಾನಿನ ಪರದೆ. ಮುಚ್ಚಿದ ಕಾರುಗಳು ಬಂದಾಗ, ರೈಲುಡಬ್ಬಿಯಲ್ಲಿದ್ದಂತೆ, ಚರ್ಮದ ಪಟ್ಟಿಯಿಂದ ಗಾಜನ್ನು ಎಳೆದು ಏರಿಸುತ್ತಿದ್ದರು. ಅಮೆರಿಕದಲ್ಲಿ 1919ರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕಾರುಗಳು ತೆರೆದ ಮೈಯವು. 1927ರ ಹೊತ್ತಿಗೆ ಲೆಕ್ಕ ತಿರುಗುಮುರುಗಾಗಿ ಬಹುಪಾಲು ಮುಚ್ಚಿದವೇ ಆದವು. ಗಾಜು ಹೆಚ್ಚಿತು, ಅದರ ಗಾಯಗಳೂ ಹೆಚ್ಚಿದವು. ಇತ್ತ 1903ರಲ್ಲಿ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞನ ಕೈತಪ್ಪಿ ಸೀಸೆಯೊಂದು ಬಿದ್ದಿತ್ತು. ಒಳಗೆ ಒಣಗಿ ಅಂಟಿದ್ದ ಪೊರೆಯಿಂದಾಗಿ ಅದು ಬಿರಿದರೂ ಚದುರಲಿಲ್ಲ. ಎರಡು ಗಾಜುಗಳ ನಡುವೆ ಪೊರೆಯಿಡುವ ಉಪಾಯಕ್ಕೆ ಅವನು 1909ರಲ್ಲಿ ಹಕ್ಕು ಪಡೆದನು. ಮುಂಗಾಜಿಗೆ ಆ ಪದರಗಾಜು, ಪಕ್ಕಕ್ಕೆ ಸಾಮಾನ್ಯವಾಗಿ ಹದಗೊಳಿಸಿದ ಗಾಜು ಎಂಬುದು ಮುಂದೆ ರೂಢಿಯಾಯಿತು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಸುರಕ್ಷತಾ ಗಾಜನ್ನೋ ಸುರಕ್ಷತಾ ಗ್ಲೇಜಿಂಗನ್ನೋ ಬೇಡುತ್ತವೆ. ಪಕ್ಕದ ಗಾಜು ನೂರಕ್ಕೆ ಐವತ್ತು ಪಾಲಾದರೂ ಬೆಳಕು ಬಿಡಬೇಕೆನ್ನುತ್ತವೆ. ಕಲಬುರಗಿಯ ಬಿಸಿಲಿಗೆ ಈ ಕೊನೆಯ ನಿಯಮ ಒಪ್ಪಿಗೆಯೇ ಎಂದು ಬಿಸಿಲನ್ನೇ ಕೇಳಬೇಕು.

ನನ್ನ ಕಾರಿನ ಮಾದರಿಗೆಂದೇ ಮಾಡಿದ ಗಾಜು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಕಮಲಾಪುರದ ನೆಂಟರ ಮನೆಗೆ ಹೋಗಲೇಬೇಕಾಗಿತ್ತು. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಹೊರಟೆ. ಹುಮನಾಬಾದ್ ರಸ್ತೆಯುದ್ದಕ್ಕೂ ಅದು ಪಟಪಟ ಬಡಿದುಕೊಂಡು ಯಾರ ಮಾತೂ ಯಾರಿಗೂ ಕೇಳಿಸದಂತೆ ಮಾಡಿತು. ನಾಲ್ಕನೆಯ ದಿನ ಗಾಜು ತಂದು, ಅವರ ಅಂಗಳದ ಬೇವಿನ ನೆರಳಲ್ಲಿ ನಾನೇ ಕೂಡಿಸಲು ಕುಳಿತೆ.

ತಿರುವುಹಿಡಿಯ ಬೆನ್ನಿಗೆ ಕುದುರೆಲಾಳದಂಥ ತಂತಿ ಸಿಕ್ಕಿಸಿರುತ್ತಾರೆ. ಹಳೆಯ ಪಂಚೆಯ ಅಂಚನ್ನು ಹಿಂದಕ್ಕೆ ತೂರಿಸಿ ಆಚೀಚೆ ಉಜ್ಜಿದರೆ ಅದು ಟಕ್ಕೆಂದು ಹಾರುತ್ತದೆ. ಎಲ್ಲಿ ಹಾರಿತೆಂದು ನೋಡಿಕೊಂಡಿರಬೇಕು. ನಾನು ನೋಡಲಿಲ್ಲ, ಅರ್ಧ ಗಂಟೆ ಅಂಗಳ ಗುಡಿಸಿದೆ. ತಿರುಪುಗಳನ್ನು ಬಿಚ್ಚಿ ಒಳಹಲಗೆ ತೆಗೆದು, ನೀರು ತಡೆಯುವ ಹಾಳೆಯನ್ನು ಹರಿಯದಂತೆ ಬಿಡಿಸಿದೆ. ಬಾಗಿಲ ಹೊಟ್ಟೆಯಲ್ಲಿ ಎರಡು ಬೊಗಸೆ ಹರಳು! ಅವು ತಳದ ನೀರುಕಂಡಿಗಳನ್ನು ಮುಚ್ಚಿದರೆ ಮಳೆಗಾಲದಲ್ಲಿ ಬಾಗಿಲು ತುಕ್ಕು ಹಿಡಿಯುವುದು ಖಂಡಿತ.

ಹಿಂಬಾಗಿಲಿಗೆ ಇನ್ನೊಂದು ತೊಡಕುಂಟು. ಚಕ್ರದ ಕಮಾನು ಬಾಗಿಲ ಕೆಳಮೂಲೆಯನ್ನು ಕೊರೆದಿರುವುದರಿಂದ ಅಗಲವಾದ ಗಾಜು ಕೆಳಗಿಳಿಯಲು ಎಡೆಯಿಲ್ಲ. ಅದಕ್ಕೆಂದೇ ನನ್ನ ಕಾರಿನಲ್ಲಿ ಹಿಂದೊಂದು ಸಣ್ಣ ಅಲುಗದ ಗಾಜು, ನಡುವೆ ಒಂದು ಸರಳು. ಆ ಸರಳನ್ನು ಸಡಿಲಿಸದೆ ಹೊಸ ಗಾಜು ಒಳಗೆ ಹೋಗುವುದಿಲ್ಲ. ಓರೆಮಾಡಿ ಇಳಿಸುವಾಗ ಅಂಚು ಕಬ್ಬಿಣಕ್ಕೆ ತಾಗದಂತೆ ಉಸಿರು ಬಿಗಿಹಿಡಿದಿದ್ದೆ; ಹದಗೊಂಡ ಗಾಜಿನ ಬಾಲವೆಂದರೆ ಅದರ ಅಂಚೇ. ಏರಿಳಿಸುವ ತೋಳಿಗೆ ಜೋಡಿಸಿ, ಎರಡು ಸಲ ಮೇಲೆ ಕೆಳಗೆ ಮಾಡಿ, ಓರೆ ಹೋಗದೆಂದು ಕಂಡ ಮೇಲೆಯೇ ತಿರುಪು ಬಿಗಿದೆ.

ಮೂರು ತಾಸು ಹಿಡಿದಿತ್ತು. ಮೊಮ್ಮಗಳು ಬಂದು ಗಾಜು ಏರಿಸಿ ಇಳಿಸಿ ನೋಡಿ, ತನ್ನ ಜಾಗದಲ್ಲಿ ಕುಳಿತು, ಮೊದಲಿನಂತೆಯೇ ಅದಕ್ಕೆ ತಲೆಯಾನಿಸಿದಳು. ಎಷ್ಟು ಗುಡಿಸಿದರೂ ಉಳಿದ ಒಂದೆರಡು ಹರಳು, ಬಾಗಿಲು ಹಾಕಿದಾಗಲೆಲ್ಲ, ಒಳಗೆಲ್ಲೋ ಈಗಲೂ ಗಲ್ಲೆನ್ನುತ್ತವೆ.