ಸೈಕಲ್ ಫೋರ್ಕ್ (ಸಾದಾ ಮತ್ತು ಶಾಕ್)

ಸೈಕಲ್ಲಿನ ಮುಂಚಕ್ರವನ್ನು ಎರಡೂ ಬದಿಯಿಂದ ಹಿಡಿದು ಹ್ಯಾಂಡಲ್‌ಗೆ ಸೇರಿಸುವ ಕವಲುಭಾಗ. ಒಳಗೆ ಸ್ಪ್ರಿಂಗ್ ಅಥವಾ ಗಾಳಿಯೊತ್ತಡ ಇದ್ದರೆ ಸಸ್ಪೆನ್ಷನ್ ಫೋರ್ಕ್, ಆಡುಮಾತಿನಲ್ಲಿ ಶಾಕ್. ಇಲ್ಲದಿದ್ದರೆ ಸಾದಾ ಫೋರ್ಕ್. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್‌ಗಳದ್ದು ಸಾದಾ ಫೋರ್ಕೇ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇವೆರಡರ ನಡುವಿನ ಆಯ್ಕೆಗೆ ಹೊಂಡಗಳಿಗಿಂತ ಏರು ಮತ್ತು ಮಳೆಯೇ ಮುಖ್ಯ. ಏರಿನಲ್ಲಿ ಎದ್ದುನಿಂತು ತುಳಿದರೆ ಶಾಕ್ ಕುಸಿದು ಏಳುತ್ತ ಶ್ರಮದ ಒಂದು ಪಾಲನ್ನು ನುಂಗುತ್ತದೆ. ಅಗ್ಗದ ಶಾಕ್ ಸುಮಾರು 2ರಿಂದ 2.5 ಕಿಲೋ ತೂಗುತ್ತದೆ. ಸಾದಾ ಉಕ್ಕಿನ ಫೋರ್ಕ್ ಹೆಚ್ಚುಕಮ್ಮಿ ಅದರ ಅರ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಕೆಂಪು ಕೆಸರು ಸೀಲ್ ದಾಟಿ ಒಳಗಿಳಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹಾಗೆ ಕಚ್ಚಿಕೊಂಡ ಶಾಕ್ ಎಂದರೆ ದುಡ್ಡು ಕೊಟ್ಟು ಹೊತ್ತ ಭಾರ, ಅಷ್ಟೆ.

ಬಿ.ಸಿ. ರೋಡ್ ಕಡೆಯ ಡಾಮರು ದಾರಿಗೆ ಸಾದಾ ಫೋರ್ಕ್, 40 ಮಿ.ಮೀ. ಅಗಲದ ಟಯರು, ತುಸು ಕಡಿಮೆ ಗಾಳಿ ಧಾರಾಳ ಸಾಕು. ಚಾರ್ಮಾಡಿ ತಪ್ಪಲಿನ ತೋಟಗಳ ಕಲ್ಲುದಾರಿಯಲ್ಲಿ ದಿನವೂ ಇಳಿಯುವವರಿಗೆ ಶಾಕ್ ಉಪಯೋಗಕ್ಕೆ ಬರುತ್ತದೆ. ಏರಿನಲ್ಲಿ ಅದನ್ನು ಬಿಗಿಮಾಡುವ ಲಾಕ್ ಇರಬೇಕು, ಮಳೆಯಲ್ಲಿ ಓಡಿಸಿದ ಸಂಜೆ ಶಾಕ್‌ನ ಕೊಳವೆ ಒರೆಸುವ ವ್ಯವಧಾನವೂ ಬೇಕು.